ಮಜ್ಜಿಗೆ ಕುಡಿದು ಹೇಳದೆ ಹೋದ ಸಾಹೇಬರು

ಇದನ್ನು ಗಟ್ಟಿಯಾಗಿ ಓದಿ. ಮಹಿಳಾ ಮಂಡಳದಲ್ಲಿ ಓದುವುದಾದರೆ ಹಿಂದೆ ಕೂತವರಿಗೂ ಕೇಳಬೇಕು. ಸರಕಾರಿ ಕಚೇರಿಯಲ್ಲಿ ಓದುವುದಾದರೆ ಒಳಗಿನ ಕೋಣೆಯ ಬಾಗಿಲು ತೆರೆದಿಟ್ಟು ಓದಿ. ಈ ಕಥೆ ಹಳ್ಳಿಯವರಿಗೂ ಬೇಕು, ಆದರೆ ಆ ಕೋಣೆಯಲ್ಲಿ ಕೂತವರಿಗೆ ಇನ್ನೂ ಹೆಚ್ಚಾಗಿ ಬೇಕು.

ನಾನು ಪರಿಮಳಾ. ಸಿದ್ದಾಪುರ ತಾಲೂಕಿನ ತ್ಯಾಗಲಿಯವಳು. ಹೆರಿಗೆ ಮಾಡಿಸುವ ಸರಕಾರಿ ನರ್ಸು. ಶಿರಸಿಯಿಂದ ಬನವಾಸಿ ಕಡೆಗೆ ಹೋಗುವಾಗ ಸಿಗುವ ಕೆರೆಕೊಪ್ಪ ಮತ್ತು ಸುತ್ತಲಿನ ಆರು ಹಳ್ಳಿ ನನ್ನ ಪಾಲಿಗೆ ಬಂದಿವೆ. ಜನ ನರ್ಸಬಾಯಿ ಅನ್ನುತ್ತಾರೆ. ನಾನು ಅತ್ತ ಹೋದ ಮೇಲೆ ಸಿಟ್ಟಿನ ನರ್ಸಬಾಯಿ ಅನ್ನುತ್ತಾರೆ, ಅದೂ ಗೊತ್ತಿದೆ. ಕಥೆ ಕೇಳಿದ ಮೇಲೆ ನನ್ನ ಸಿಟ್ಟು ಸರಿಯೋ ತಪ್ಪೋ ನೀವೇ ಹೇಳಿ.

ಚಳಿಜ್ವರ ನಮ್ಮ ಸೀಮೆಗೆ ಹೊಸದಲ್ಲ. ದೀಪಾವಳಿ ಮುಗಿಯಿತೆಂದರೆ ಮನೆಗೊಬ್ಬರಾದರೂ ಕಂಬಳಿ ಹೊದ್ದು ನಡುಗುತ್ತಾ ಮಲಗುತ್ತಾರೆ. ಒಂದು ದಿನ ಜ್ವರ, ಒಂದು ದಿನ ಬಿಡುವು, ಮತ್ತೆ ಜ್ವರ. ಭತ್ತ ಕೊಯ್ಯಲು ಆಳು ಸಿಗುವುದಿಲ್ಲ. ಹಾಲು ಕುಡಿಸುವ ತಾಯಿಯ ಕಣ್ಣು ಹಳದಿಯಾಗುತ್ತದೆ. ಬಸುರಿಗೆ ಬಂದರಂತೂ ಎರಡು ಜೀವ ತೂಗುಯ್ಯಾಲೆಯಲ್ಲಿ. ಯಲ್ಲಾಪುರದ ಕಾಡಿನ ಹಳ್ಳಿಗಳಲ್ಲಿಯೂ ಇದೇ ಪಾಡು. ಹಣೆಬರಹ ಎಂದುಕೊಂಡು ಜನ ಬದುಕುತ್ತಿದ್ದರು.

೧೯೫೯ರ ಆಶ್ವೀಜದಲ್ಲಿ ಕೆರೆಕೊಪ್ಪಕ್ಕೆ ಒಂದು ಜೀಪು ಬಂತು. ಖಾಕಿ ಚಡ್ಡಿಯ ನಾಲ್ವರು ಇಳಿದರು. ಕೈಯಲ್ಲಿ ಪಂಪು, ಬಕೀಟು. "ಪಾತ್ರೆ ಪಗಡ ಹೊರಗೆ ಹಾಕ್ರಿ, ಲಗೂನ ಹಾಕ್ರಿ" ಎಂದು ಕೂಗಿದರು. ಒಳಗೆ ನುಗ್ಗಿ ಅಡುಗೆಮನೆ, ನಡುಮನೆ, ಮಲಗುವ ಕೋಣೆ, ಎಲ್ಲ ಗೋಡೆಗೂ ಡಿಡಿಟಿ ಹೊಡೆದರು. ಬಾಗಿಲ ಚೌಕಟ್ಟಿನ ಮೇಲೆ ಕಪ್ಪು ಬಣ್ಣದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದು, ಮನೆಗೊಂದು ನಂಬರು ಹಾಕಿ, ಮುಂದಿನ ಮನೆಗೆ ಹೋದರು.

ಊರ ಹಿರಿಯ ಅಂದಾನಪ್ಪನವರು ಕೇಳಿದರಂತೆ, "ಇದು ಎದಕ್ಕರಿ?"

"ಸರಕಾರದ ಔಷಧ. ಸುಮ್ನ ನಿಂದರ್ರಿ," ಎಂದು ಉತ್ತರ ಬಂತಂತೆ.

ಅಷ್ಟೇ ಮಾತು. ಇಡೀ ಊರಿಗೆ ಸಿಕ್ಕ ತಿಳುವಳಿಕೆ ಅಷ್ಟೇ.

ಗೋಡೆಯ ತುಂಬ ಬಿಳಿ ಬಿಳಿ ಗೆರೆ, ಮೂಗಿಗೆ ಹೊಡೆಯುವ ವಾಸನೆ. ಇದು ತಗಣಿಯ, ಅಂದರೆ ತಿಗಣೆಯ, ಔಷಧವೇ ಇರಬೇಕು ಎಂದು ಹೆಂಗಸರು ತೀರ್ಮಾನ ಮಾಡಿದರು. ತಗಣಿ ಮಾತ್ರ ಸಾಯಲಿಲ್ಲ. ಹಾಸಿಗೆಯ ಸಂದಿಯಲ್ಲಿ ಮಲಗಿದ್ದವೂ ಎದ್ದು ಹೊರಗೆ ಬಂದವು.

"ಸಾಯೂದು ಇರ್ಲಿ, ಎಲ್ಲಾ ಎಚ್ಚರಾಗಿ ಕುಂತಾವು," ಎಂದಳು ಪಕ್ಕದ ಮನೆಯ ಸಿದ್ದವ್ವ. "ಸರಕಾರದ ಔಷಧ ಅಂದ್ರ ಹಿಂಗ ನೋಡವ್ವಾ."

ಕೆಲಸಕ್ಕೆ ಬಾರದ ಔಷಧ, ಗೋಡೆ ಹೊಲಸಾಗಿದೆ, ದೀಪಾವಳಿಗೆ ಎಂಟೇ ದಿನ. ಈ ಸೀಮೆಯ ಹೆಂಗಸರು ಏನು ಮಾಡುತ್ತಾರೆ ಹೇಳಿ. ಗುಡ್ಡದಿಂದ ಕೆಮ್ಮಣ್ಣು ಹೊತ್ತು ತಂದರು. ನೆನೆಹಾಕಿ, ಸೋಸಿ, ಸಗಣಿ ಸೇರಿಸಿ ಗೋಡೆಗಳನ್ನೆಲ್ಲ ಬಳಿದರು. ವರ್ಷವೂ ಬಳಿಯುತ್ತಾರೆ, ಆ ವರ್ಷ ಎರಡು ಕೈ ಹೆಚ್ಚಾಗಿಯೇ ಬಳಿದರು. ಊರಿಗೇ ಚೆಂದವಾದ ಗೋಡೆ ನೀಲಗಂಗವ್ವನದು. ಅಂದಾನಪ್ಪನವರ ಹೆಂಡತಿ ಈಕೆ, ಐವತ್ತರ ಹತ್ತಿರದವಳು, ಕೈ ಹಾಕಿದ್ದನ್ನು ಅರ್ಧಕ್ಕೆ ಬಿಡುವವಳಲ್ಲ. ಅವಳು ಬಳಿದ ಗೋಡೆಯ ಮೇಲೆ ಕೈಯಾಡಿಸಿದರೆ ಒಂದು ಹರಳು ಸಿಗುವುದಿಲ್ಲ. ಬಾಗಿಲ ಮೇಲಿನ ಇಂಗ್ಲಿಷ್ ಅಕ್ಷರವನ್ನೂ ಇಟ್ಟಿಗೆ ಪುಡಿ ಹಾಕಿ ತಿಕ್ಕಿದ್ದಳು. ಹದಿನೇಳು ಎಂಬ ನಂಬರು ಮಾತ್ರ ಮಾಸಲಾಗಿ ಉಳಿದಿತ್ತು.

ಆ ಮನೆಗೆ ಅವರ ಮಗಳು ಗೌರಕ್ಕ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಹಾನಗಲ್ಲ ಕಡೆಗೆ ಕೊಟ್ಟ ಹುಡುಗಿ. ಆಗ ಐದು ತಿಂಗಳು. ದೀಪಾವಳಿ ಕಳೆದ ಮೂರನೆಯ ದಿನ ನಾನು ಅವಳನ್ನು ನೋಡಲು ಹೋಗಿದ್ದೆ. ಅದೇ ಬೆಳಿಗ್ಗೆ ಸೊಳ್ಳೆ ಸಾಹೇಬರೂ ಬಂದರು.

ಅವರ ಹೆಸರು ಕಮಲಾಕರ. ಸೋಂದಾ ಕಡೆಯವರು, ಮೂವತ್ತರ ಪ್ರಾಯ, ದೂರದ ಪಟ್ಟಣದಲ್ಲಿ ಓದಿ ಬಂದವರು. ಸೊಳ್ಳೆಯ ಮೇಲೆ ಸಂಶೋಧನೆ ಮಾಡುವ ಕಚೇರಿಯ ವಿಜ್ಞಾನಿ. ಟಾರ್ಚು ಬಿಟ್ಟು ಗೋಡೆಯ ಮೇಲೆ ಕೂತ ಸೊಳ್ಳೆ ಹುಡುಕುವುದು, ಗಾಜಿನ ಕೊಳವೆ ಹಿಡಿದು ಬಾಯಿಯಿಂದ ಗಾಳಿ ಎಳೆದು ಅದನ್ನು ಒಳಗೆ ಹಿಡಿಯುವುದು ಅವರ ಕೆಲಸ. ಕೊಳವೆಯಲ್ಲಿ ಬಲೆ ಇರುತ್ತದೆ, ಸೊಳ್ಳೆ ಬಾಯಿಗೆ ಹೋಗುವುದಿಲ್ಲ. ಆದರೆ ಊರಿನವರಿಗೆ ಅದನ್ನು ಯಾರು ಹೇಳಬೇಕು? ಸೊಳ್ಳೆ ಕುಡಿಯುವ ಸಾಹೇಬ ಎಂದು ಮಕ್ಕಳು ಬಾಯಿಗೆ ಸೆರಗು ಮುಚ್ಚಿದ ತಾಯಂದಿರ ಹಿಂದೆ ನಿಂತು ನಗುತ್ತಿದ್ದವು.

ಅವರು ಒಂದೊಂದೇ ಕೋಣೆ ನೋಡಿದರು. ಕೆಮ್ಮಣ್ಣಿನ ಗೋಡೆಯನ್ನು ಬೆರಳಿನಿಂದ ಉಜ್ಜಿದರು. ಪುಸ್ತಕದಲ್ಲಿ ಬರೆದುಕೊಂಡರು. ನೀಲಗಂಗವ್ವ ಶುಂಠಿ, ಕೊತ್ತಂಬರಿ ಹಾಕಿದ ಮಜ್ಜಿಗೆ ತಂದು ಕೊಟ್ಟಳು. ಒಂದು ತಂಬಿಗೆ ಪೂರ್ತಿ ಕುಡಿದರು.

"ಗ್ವಾಡಿ ಹ್ಯಾಂಗಾಗೇತ್ರಿ ಸಾಹೇಬ್ರ?" ಎಂದು ಕೇಳಿದಳು ನೀಲಗಂಗವ್ವ. ತನ್ನ ಕೈಕೆಲಸವನ್ನು ದೊಡ್ಡವರು ಅಷ್ಟು ಹೊತ್ತು ನೋಡಿದರಲ್ಲ ಎಂಬ ಹಿಗ್ಗು ಅವಳಿಗೆ.

"ತುಂಬಾ ನುಣುಪಾಗಿದೆ," ಎಂದರು ಕಮಲಾಕರ. ಕೊಳವೆ ಚೀಲಕ್ಕೆ ಹಾಕಿಕೊಂಡು ಹೊರಟರು.

ನಾನೂ ಅಲ್ಲೇ ಇದ್ದೆ. ನಾನೂ ಏನೂ ಕೇಳಲಿಲ್ಲ. ಈ ಮಾತನ್ನು ನಾನು ಮುಚ್ಚಿಡುವುದಿಲ್ಲ.

ಮಾರ್ಗಶಿರದಲ್ಲಿ ಗೌರಕ್ಕನಿಗೆ ಚಳಿಜ್ವರ ಬಂತು. ಗುಳಿಗೆ ಕೊಟ್ಟೆ, ಇಳಿಯಿತು, ಮತ್ತೆ ಏರಿತು. ಏಳು ತಿಂಗಳಿಗೇ ನೋವು ಬಂತು. ಗಂಡು ಮಗು. ಬೆರಳು, ಉಗುರು ಎಲ್ಲ ಮೂಡಿತ್ತು. ಅಳಲಿಲ್ಲ. ನಾನು ಬೆನ್ನು ತಟ್ಟಿದೆ, ಬಿಸಿನೀರು ತಣ್ಣೀರು ಮಾಡಿದೆ, ಉಸಿರು ಊದಿದೆ. ನನ್ನ ಕೈಯಲ್ಲೇ ತಣ್ಣಗಾಯಿತು. ಅದನ್ನು ಬಟ್ಟೆಯಲ್ಲಿ ಸುತ್ತಿ ನೀಲಗಂಗವ್ವನ ಕೈಗೆ ಕೊಟ್ಟಾಗ ಅವಳು ಆ ನುಣುಪಾದ ಗೋಡೆಗೆ ಒರಗಿ ಕೂತಿದ್ದಳು.

ಮುಂದಿನ ವರ್ಷ ಭಾದ್ರಪದದಲ್ಲಿ ಗುಳಿಗೆ ತರಲು ನಾನು ಶಿರಸಿಗೆ ಹೋದೆ. ಗುಳಿಗೆ ಆಗ ಆ ಸೊಳ್ಳೆ ಕಚೇರಿಯಿಂದಲೇ ಸಿಗುತ್ತಿತ್ತು. ಗುಮಾಸ್ತರು ಊಟಕ್ಕೆ ಹೋಗಿದ್ದರು, ಬೆಂಚಿನ ಮೇಲೆ ಕೂತೆ. ಮೇಜಿನ ಮೇಲೆ ಒಂದು ಇಂಗ್ಲಿಷ್ ಪತ್ರಿಕೆ ಇತ್ತು. ನಾನು ಹದಿನೆಂಟಕ್ಕೆ ಗಂಡನನ್ನು ಕಳೆದುಕೊಂಡ ಮೇಲೆ ಮ್ಯಾಟ್ರಿಕ್ ಓದಿದವಳು. ಅಕ್ಷರ ಕೂಡಿಸಿ ಕೂಡಿಸಿ ಇಂಗ್ಲಿಷ್ ಓದುತ್ತೇನೆ. ಪುಟ ತಿರುಗಿಸಿದರೆ ಕೆರೆಕೊಪ್ಪ ಎಂಬ ಹೆಸರು ಕಂಡಿತು. ನಮ್ಮ ಊರು ಅಚ್ಚಾಗಿದೆಯಲ್ಲ ಎಂದು ಖುಷಿಯಿಂದಲೇ ಓದತೊಡಗಿದೆ.

ಅದರಲ್ಲಿ ಬರೆದದ್ದರ ತಾತ್ಪರ್ಯ ಇಷ್ಟು. ಈ ಭಾಗದ ಹೆಂಗಸರು ಹಬ್ಬದ ಮುಂಚೆ ಗೋಡೆಗೆ ಮಣ್ಣು ಬಳಿಯುತ್ತಾರೆ. ಬಳಿದರೆ ಔಷಧ ಮಣ್ಣಿನ ಅಡಿಗೆ ಹೋಗುತ್ತದೆ. ಆಮೇಲೆ ಸೊಳ್ಳೆ ಸಾಯುವುದಿಲ್ಲ, ಚಳಿಜ್ವರ ನಿಲ್ಲುವುದಿಲ್ಲ. ಕೆಳಗೆ ಮನೆ ಮನೆಯ ಲೆಕ್ಕ ಕೊಟ್ಟಿದ್ದರು. ಮನೆ ನಂಬರು ಹದಿನೇಳು: ಗೋಡೆ ಬಳಿಯಲಾಗಿದೆ, ಜೀವಂತ ಸೊಳ್ಳೆ ಇಪ್ಪತ್ತಮೂರು.

ಪತ್ರಿಕೆ ಕೈಗೆ ತೆಗೆದುಕೊಂಡೆ. ಎದ್ದು ನೇರವಾಗಿ ಒಳಗಿನ ಕೋಣೆಗೆ ಹೋದೆ.

"ಇದು ನೀವು ಬರೆದದ್ದಾ?"

ಕಮಲಾಕರರ ಮುಖ ಅರಳಿತು. "ಹೌದು. ಹೋದ ತಿಂಗಳು ಬಂತು. ಮೇಲಿನವರಿಂದ ಮೆಚ್ಚುಗೆಯ ಪತ್ರವೂ ಬಂದಿದೆ."

ಆ ಹೊತ್ತಿಗೆ ನನ್ನ ಬಾಯಿಂದ ಕಚೇರಿಯ ಕನ್ನಡ ಹೋಗಿ ಮನೆಯ ಮಾತು ಬಂತು. ಅವರದೂ ಅದೇ ಮನೆಮಾತು, ನನಗಿಂತ ಹತ್ತು ವರ್ಷ ಚಿಕ್ಕವರು.

"ತಮಾ, ನಿಂಗೆ ಹೋದ ವರ್ಷವೇ ಗೊತ್ತಿತ್ತು ಅಲ್ದಾ? ಗೊತ್ತಿದ್ದೂ ಎಂತಕ್ಕೆ ಹೇಳಿದ್ದಿಲ್ಲೆ?"

"ಅಕ್ಕಾ, ಆನು ಸಂಶೋಧನೆ ಮಾಡೋನು. ಜನಕ್ಕೆ ಹೇಳೋದು ಪ್ರಚಾರದವ್ರ ಕೆಲಸ."

"ಪ್ರಚಾರದವ್ರು ಎಲ್ಲಿದ್ದ?"

"ಆ ಜಾಗ ಖಾಲಿ ಇದ್ದು. ಎರಡು ವರ್ಷ ಆತು."

"ಖಾಲಿ ಕುರ್ಚಿ ಹೇಳ್ತು ಅಂದ್ಕಂಡು ಬಿಟ್ಟು ಬಂದ್ಯಾ?"

ಅವರು ಕನ್ನಡಕ ತೆಗೆದು ಒರೆಸಿದರು. "ಹೇಳಿದ್ರೂ ಅವ್ಕೆ ಅರ್ಥ ಆಗ್ತಿತ್ತಿಲ್ಲೆ ಅಕ್ಕಾ. ಇದೆಲ್ಲ ಸೂಕ್ಷ್ಮ ವಿಷಯ."

"ಅರ್ಥ ಆಗ್ತಿಲ್ಲೆ ಅಂತ ನಿಂಗೆ ಹ್ಯಾಂಗೆ ಗೊತ್ತಾತು? ಒಂದ್ಸಲನಾದ್ರೂ ಹೇಳಿ ನೋಡಿದ್ಯಾ?"

ಸೊಳ್ಳೆ ಎಣಿಸಲು ಬರುವ ಮನುಷ್ಯ, ಅದರ ಕಾಲಿನ ಕೂದಲು ಎಣಿಸುವ ಮನುಷ್ಯ, ಒಂದು ಮಾತು ಹೇಳಿ ಪರೀಕ್ಷೆ ಮಾಡಿ ನೋಡಲಿಲ್ಲ. ನಾನು ಹದಿನೇಳನೆಯ ಮನೆಯ ಕಥೆ ಹೇಳಿದೆ. ಬೆರಳು, ಉಗುರು ಎಲ್ಲ ಮೂಡಿತ್ತು ಎಂದೂ ಹೇಳಿದೆ. ಅವರು ಪತ್ರಿಕೆ ಮುಚ್ಚಿ ಅದರ ಮೇಲೆ ಕೈಯಿಟ್ಟು ಕೂತುಬಿಟ್ಟರು.

"ಆ ಮನೆಗೆ ಬಾ," ಎಂದೆ. "ಬಂದು ಅವ್ಕೆ ನೀನೇ ಹೇಳು."

ಕೆರೆಕೊಪ್ಪಕ್ಕೆ ಮರಳಿ ಮೊದಲು ನೀಲಗಂಗವ್ವನಿಗೆ ವಿಷಯ ತಿಳಿಸಿ, ಸಾಹೇಬರನ್ನು ಕರೆದದ್ದನ್ನೂ ಹೇಳಿದೆ. ಅವಳು ಅಕ್ಕಿ ಕೇರುತ್ತಿದ್ದಳು. ಮೊರ ಕೆಳಗಿಟ್ಟಳು.

"ಅಂದ್ರ ಆ ಗ್ವಾಡಿ ಬಳದದ್ದು ನಾನ," ಎಂದಳು. "ನನ್ನ ಕೈಲೆ ನಾನ ಬಳದೆ. ಎರಡ್ ಸಲ ಬಳದೆ."

ಇದನ್ನು ಕೇಳಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ತಿಳಿದವನು ಮೆಚ್ಚುಗೆಯ ಪತ್ರ ತೆಗೆದುಕೊಂಡ. ತಿಳಿಯದವಳು ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡಳು. ನಮ್ಮ ದೇಶದಲ್ಲಿ ಇದು ಎಷ್ಟು ಮನೆಯಲ್ಲಿ ನಡೆದಿದೆಯೋ.

"ನಿಮಗ ಯಾರೂ ಹೇಳಿರ್ಲಿಲ್ಲಲ್ಲ," ಎಂದೆ.

"ಗೌರಿಗೆ ಮತ್ತ ನಾಕ್ ತಿಂಗ್ಳಾಗೇತಿ ನರ್ಸಬಾಯಿ. ದೀವಳಗಿಗೆ ಕರ್ಕೊಂಡ್ ಬರಬೇಕು ಅಂತ ಇವರು ಕುಂತಾರ. ಈ ಮನಿಗೆ ಹ್ಯಾಂಗ ಕರೀಲಿ?" ಎಂದಳು. ಆಮೇಲೆ ಮೊರ ಮತ್ತೆ ಕೈಗೆತ್ತಿಕೊಂಡು, "ಬರ್ಲಿ ಆ ಸಾಹೇಬ," ಎಂದಳು.

ಕಮಲಾಕರರು ಬಂದರು. ಅಷ್ಟು ಮಟ್ಟಿಗೆ ಅವರನ್ನು ಮೆಚ್ಚುತ್ತೇನೆ. ಅಂದಾನಪ್ಪನವರ ಪಡಸಾಲೆಯಲ್ಲಿ ಇಪ್ಪತ್ತು ಮೂವತ್ತು ಹೆಂಗಸರು ಸೇರಿದ್ದರು. ಅಂದಾನಪ್ಪನವರು ಕಂಬಕ್ಕೆ ಒರಗಿ, ಏನೂ ನಂಬುವುದಿಲ್ಲ ಎಂಬ ಮುಖ ಮಾಡಿಕೊಂಡು ಕೂತಿದ್ದರು. ಸಾಹೇಬರು ಪುಸ್ತಕ ಬಿಚ್ಚಿ ಶುರು ಮಾಡಿದರು. ರಕ್ತಪಾನಾನಂತರದ ವಿಶ್ರಾಂತಿ ಪ್ರವೃತ್ತಿ ಎಂದರು. ಅವಶೇಷ ಪರಿಣಾಮ ಎಂದರು.

ಸಿದ್ದವ್ವ ನನ್ನ ಕಿವಿಯಲ್ಲಿ ಕೇಳಿದಳು, "ಇದು ಕನ್ನಡನ ಏನ್ರಿ ಬಾಯಿ?" ಪಿಸುಮಾತು ಎಲ್ಲರಿಗೂ ಕೇಳಿತು.

ನೀಲಗಂಗವ್ವ ನಗಲಿಲ್ಲ. "ಸಾಹೇಬ್ರ, ಆ ಹೊತ್ತಿಗಿ ಮುಚ್ರಿ. ನಾ ಕೇಳತೀನಿ, ನೀವು ಹೇಳ್ರಿ. ಸೊಳ್ಳಿ ಕಡದ ಮ್ಯಾಲೆ ಎಲ್ಲಿ ಹೋಗತೈತಿ?"

"ಗೋಡೆ ಮೇಲೆ ಕೂರ್ತದೆ."

"ಯಾಕ?"

"ಹೊಟ್ಟೆ ತುಂಬಿ ಮೈ ಭಾರ ಆಗಿರ್ತದೆ. ದೂರ ಹಾರಲಿಕ್ಕೆ ಆಗೋದಿಲ್ಲ."

"ಉಂಡ ಮ್ಯಾಲೆ ನಮ್ಮ ಮನಿಯವ್ರು ಕುಂತಂಗ," ಎಂದಳು ಸಿದ್ದವ್ವ. ಪಡಸಾಲೆಯೆಲ್ಲ ನಕ್ಕಿತು. ಸಾಹೇಬರೂ ನಕ್ಕರು, ಅಲ್ಲಿಂದ ಅವರ ನಾಲಿಗೆ ಸಡಿಲಾಯಿತು. ಗೋಡೆಯ ಮೇಲೆ ಔಷಧ ಇದ್ದರೆ ಕೂತ ಸೊಳ್ಳೆಯ ಕಾಲಿಗೆ ಹತ್ತುತ್ತದೆ, ಹತ್ತಿದರೆ ಸಾಯುತ್ತದೆ, ಸತ್ತರೆ ಒಬ್ಬರ ಜ್ವರ ಇನ್ನೊಬ್ಬರಿಗೆ ಹೋಗುವುದಿಲ್ಲ ಎಂದರು. ಐದು ನಿಮಿಷವೂ ಹಿಡಿಯಲಿಲ್ಲ. ಅರ್ಥವಾಗದವರು ಆ ಪಡಸಾಲೆಯಲ್ಲಿ ಒಬ್ಬರೂ ಇರಲಿಲ್ಲ.

ಅಂದಾನಪ್ಪನವರು ಮಾತ್ರ ಕಂಬ ಬಿಡಲಿಲ್ಲ. "ಕಾಲಿಗೆ ಹತ್ತಿದ್ರ ಸಾಯ್ತಾವಂದ್ರ ತಗಣಿ ಯಾಕ ಸಾಯ್ಲಿಲ್ಲ? ಅವಕ್ಕ ಕಾಲಿಲ್ಲೇನು?"

"ತಿಗಣೆಗೆ ಈ ಔಷಧ ಈಗ ನಾಟೋದಿಲ್ಲ. ಅದು ನಮಗೆ ಮೊದಲೇ ಗೊತ್ತಿತ್ತು."

"ಅದನ್ನರ ಹೇಳೀರೇನು?"

"ಇಲ್ಲ."

"ಮತ್ತ ನಾವು ಹ್ಯಾಂಗ ನಂಬೂದ್ರಿ? ಕಣ್ಣಿಗೆ ತೋರ್ಸ್ರಿ."

ಸಾಹೇಬರು ಅದಕ್ಕೆ ಸಿದ್ಧರಾಗಿಯೇ ಬಂದಿದ್ದರು. ಮಣ್ಣು ಮೆತ್ತಿ ಔಷಧ ಹೊಡೆದು ಒಣಗಿಸಿದ ಎರಡು ಹಲಗೆ ಜೀಪಿನಲ್ಲಿದ್ದವು. ಒಂದನ್ನು ನೀಲಗಂಗವ್ವನ ಮುಂದಿಟ್ಟು, "ಅವ್ವಾ, ಹಬ್ಬಕ್ಕೆ ಬಳಿದ ಹಾಗೇ ಇದನ್ನು ಬಳಿಯಿರಿ," ಎಂದರು. ಅವಳು ಕೆಮ್ಮಣ್ಣು ಕಲಸಿ ಬಳಿದಳು. ಬಿಸಿಲಿಗೆ ಒಣಗುವ ತನಕ ಎಲ್ಲರೂ ಕಾದೆವು. ಆಮೇಲೆ ಗಾಜಿನ ಲೋಟಗಳಲ್ಲಿ ತಾವು ಹಿಡಿದು ತಂದಿದ್ದ ಹತ್ತು ಹತ್ತು ಸೊಳ್ಳೆ ಬಿಟ್ಟು, ಲೋಟದ ಬಾಯಿಯನ್ನು ಒಂದೊಂದು ಹಲಗೆಗೆ ಅರ್ಧ ತಾಸು ಒತ್ತಿ ಹಿಡಿದರು. ಬಳಿಕ ಲೋಟಗಳ ಬಾಯಿಗೆ ತೆಳು ಬಟ್ಟೆ ಕಟ್ಟಿ, ತಂಪಾದ ಜಾಗದಲ್ಲಿಟ್ಟು, ನಾಳೆ ಬೆಳಿಗ್ಗೆ ಎಲ್ಲರೂ ಬಂದು ನೀವೇ ಎಣಿಸಿ ಎಂದರು. ಅವರೂ ಊರಲ್ಲೇ ಉಳಿದರು.

ಬೆಳಿಗ್ಗೆ ಎಣಿಸಿದವಳು ಸಿದ್ದವ್ವ. ಔಷಧ ಹಾಗೇ ಇದ್ದ ಹಲಗೆಯ ಲೋಟದಲ್ಲಿ ಹತ್ತೂ ಸತ್ತು ಬಿದ್ದಿದ್ದವು. ನೀಲಗಂಗವ್ವ ಬಳಿದ ಹಲಗೆಯ ಲೋಟದಲ್ಲಿ ಒಂದು ಸತ್ತಿತ್ತು. ಉಳಿದ ಒಂಬತ್ತು ಲೋಟದ ಗೋಡೆಯ ಮೇಲೆ ಆರಾಮಾಗಿ ಕೂತಿದ್ದವು. ಅಂದಾನಪ್ಪನವರು ಎರಡು ಸಲ ಬಗ್ಗಿ ನೋಡಿದರು. ಮೂರನೆಯ ಸಲ ನೋಡಿ, ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಹಿಂದೆ ಸರಿದರು.

ನೀಲಗಂಗವ್ವ ಆ ಲೋಟ ಕೈಗೆ ತೆಗೆದುಕೊಂಡಳು.

"ನನ್ನ ಮನ್ಯಾಗ ಇಪ್ಪತ್ಮೂರು ಇದ್ವಂತಲ್ಲ," ಎಂದಳು. ಈಗ ಸಾಹೇಬ್ರ ಎನ್ನಲಿಲ್ಲ. "ತಮ್ಮಾ, ಅವತ್ತು ನೀ ಬಂದಿ. ಗ್ವಾಡಿ ಮುಟ್ಟಿ ನೋಡ್ದಿ. ಬರಕೊಂಡಿ. ನನ್ನ ಕೈಯಾನ ಮಜ್ಜಿಗಿ ಕುಡದಿ. ಗ್ವಾಡಿ ನುಣ್ಣಗ ಐತಿ ಅಂದಿ. ಅವ್ವಾ, ಈ ಗ್ವಾಡಿಯಿಂದ ನಿನ್ನ ಮಗಳಿಗೆ ಜ್ವರ ಬರತೈತಿ ಅನ್ನಾಕ ಎಷ್ಟ್ ಹೊತ್ತ ಹಿಡೀತಿತ್ತು?"

"ಅಷ್ಟರಲ್ಲಿ ಬಳಿದಾಗಿತ್ತಲ್ಲ ಅವ್ವಾ."

"ಬಳದಾಗಿತ್ತು, ಖರೆ. ಹೇಳಿದ್ರ ಇನ್ನೊಮ್ಮೆ ಔಷಧ ಹೊಡೀರಿ ಅಂತ ನಿಮ್ಮ ಬಾಗ್ಲಿಗೆ ಬಂದು ಕುಂದರ್ತಿದ್ವಿ. ಅದೂ ಆಗದಿದ್ರ ಗೌರಿನ್ನ ಅವತ್ತ ಗಾಡಿ ಕಟ್ಟಿ ಅಕಿ ಗಂಡನ ಮನಿಗೆ ಕಳಸ್ತಿದ್ದೆ. ಹಬ್ಬ ಅಂತ ಇಟಗೊಂಡೆ ನಾ. ನನಗೇನು ಗೊತ್ತಿತ್ತು? ಗೊತ್ತಿದ್ದಾಂವ ನೀನು."

ಕಮಲಾಕರರು ಕೈ ಮುಗಿದರು. "ತಪ್ಪಾಯ್ತು ಅವ್ವಾ."

"ತಪ್ಪಾತು ಅನ್ನೂದು ಸಾಲೂದಿಲ್ಲ. ಈ ವರ್ಸ ಪಂಪಿನವ್ರು ಎಂದ ಬರ್ತಾರ, ಅದನ್ನ ಹೇಳು."

"ಹೋದ ವರ್ಷದ ಹಾಗೇ. ದೀಪಾವಳಿಗೆ ಎಂಟು ದಿನ ಮುಂಚೆ."

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಸಿದ್ದವ್ವ ಬಾಯಿ ಬಿಟ್ಟಳು. "ನಾವು ಬಳಿಯೂದಕ್ಕಿಂತ ಮೊದಲ ಹೊಡದು ಹೋಗ್ತೀರಿ, ಮ್ಯಾಲೆ ನಾವು ಬಳದ್ರಂತ ಇಂಗ್ಲೀಷಿನ್ಯಾಗ ಬರಿತೀರಿ. ದಸರಾ ಮುಗೀತಿದ್ದಂಗ ನಾವು ಬಳದು ಮುಗಸ್ತೀವಿ. ಆಮ್ಯಾಲೆ ಬರ್ರಿ. ನಾಕ್ ದಿನ ಮೊದಲ ಡಂಗುರ ಹೊಡಸ್ರಿ. ಅಷ್ಟಕ್ಕ ಯಾಕಿಷ್ಟು ಕಷ್ಟ?"

ಕಮಲಾಕರರು ಸಿದ್ದವ್ವನನ್ನು ನೋಡುತ್ತಲೇ ಇದ್ದರು. ಹೋದ ವರ್ಷ ನಲವತ್ತೆರಡು ಮನೆಯ ಗೋಡೆ ಉಜ್ಜಿದ್ದರು. ಯಾವಾಗ ಬಳಿಯುತ್ತೀರಿ, ಯಾವಾಗ ಬಂದರೆ ಅನುಕೂಲ ಎಂದು ಒಬ್ಬರನ್ನೂ ಕೇಳಿರಲಿಲ್ಲ. ಹೇಳದವನಿಗೆ ಕೇಳುವುದೂ ತಪ್ಪಿಹೋಗುತ್ತದೆ ಎಂಬುದು ನನಗೆ ಅವತ್ತು ಹೊಳೆಯಿತು. ಅವರು ಪುಸ್ತಕ ತೆಗೆದು ಸಿದ್ದವ್ವ ಹೇಳಿದ್ದನ್ನು ಬರೆದುಕೊಂಡರು. ಈ ಸಲ ಕನ್ನಡದಲ್ಲಿ ಬರೆದರು, ನಾನು ಬಗ್ಗಿ ನೋಡಿದೆ.

ಅಂದಾನಪ್ಪನವರಿಗೆ ಇನ್ನೊಂದು ಸಂಶಯ ಉಳಿದಿತ್ತು. "ಹಬ್ಬದ ದಿನ ಗ್ವಾಡಿ ಮ್ಯಾಲೆ ಆ ಬಿಳಿ ಗೆರಿ ಇಟಗೊಂಡು ಲಕ್ಷ್ಮೀಪೂಜಿ ಮಾಡೂದೇನು?"

"ಲಕ್ಷ್ಮಿ ಗೆರಿ ನೋಡಿ ಹೊಳ್ಳಿ ಹೋಗೂದಿಲ್ಲ," ಎಂದಳು ನೀಲಗಂಗವ್ವ. "ಹೋದ ವರ್ಸ ಎಷ್ಟ್ ಚೆಂದ ಬಳದಿದ್ದೆ. ಬಂದ್ಳೇನು?"



ಆ ವರ್ಷ ಕೆರೆಕೊಪ್ಪದಲ್ಲಿ ದಸರಾ ಮುಗಿದ ವಾರದಲ್ಲೇ ಬಳಿಯುವ ಕೆಲಸ ಮುಗಿಯಿತು. ಡಂಗುರ ಹೊಡೆಸಿದ ಮೇಲೆ ಪಂಪಿನವರು ಬಂದರು. ದಿನ ಬದಲಿಸಿದ್ದಕ್ಕೆ ಕಮಲಾಕರರಿಗೆ ಮೇಲಿನಿಂದ ಕಾರಣ ಕೇಳುವ ಕಾಗದ ಬಂತಂತೆ. ಹಿಂದಿನ ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಮೆಚ್ಚುಗೆ, ಈ ವರ್ಷ ಬಾಯಿ ಬಿಟ್ಟದ್ದಕ್ಕೆ ಕಾರಣ ಕೇಳುವ ಕಾಗದ. ಇದನ್ನು ಓದುವ ದೊಡ್ಡ ಅಧಿಕಾರಿಗಳು ಯಾರಾದರೂ ಇದ್ದರೆ ಒಂದು ಗಳಿಗೆ ನಿಂತು ಯೋಚಿಸಲಿ.

ಪಂಪಿನವರ ಹಿಂದೆಯೇ ಸಾಹೇಬರು ಬಣ್ಣದ ಡಬ್ಬಿ ಹಿಡಿದು ಬಂದರು. ಪ್ರತಿ ಬಾಗಿಲ ಮೇಲೆ ತಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆದರು: ಒಳಗೋಡೆಗೆ ಸೊಳ್ಳೆಯ ಔಷಧ ಹೊಡೆದಿದೆ. ನಾವು ಮತ್ತೆ ಬಂದು ಹೇಳುವ ತನಕ ಬಳಿಯಬೇಡಿ. ಓದಲು ಬಾರದವರಿಗೆ ಓದಿ ಹೇಳಿದರು. ನೆಲ ಸಾರಿಸಬಹುದು, ಹೊರಗೋಡೆ ಬಳಿಯಬಹುದು, ಔಷಧ ಹೊಡೆಯುವಾಗ ಅನ್ನದ ಪಾತ್ರೆ, ಕೂಸಿನ ಬಟ್ಟೆ, ದನದ ಮೇವು ಹೊರಗಿಡಬೇಕು ಎಂದರು. ಹೊರಗೆ ಯಾಕೆ ಇಡಬೇಕು ಎಂಬುದನ್ನೂ ಹೇಳಿದರು.

ಗೌರಕ್ಕ ದೀಪಾವಳಿಗೆ ಬಂದಳು. ಮಾರ್ಗಶಿರ ಬಂತು. ನೀಲಗಂಗವ್ವ ದಿನಕ್ಕೆ ಹತ್ತು ಸಲ ಮಗಳ ಹಣೆ ಮುಟ್ಟಿ ನೋಡುತ್ತಿದ್ದಳು. ನಾನೂ ವಾರಕ್ಕೆ ಎರಡು ಸಲ ಏನಾದರೊಂದು ನೆಪ ಮಾಡಿಕೊಂಡು ಹೋಗುತ್ತಿದ್ದೆ. ಪುಷ್ಯ ಕಳೆಯಿತು. ಹಿಂದಿನ ವರ್ಷ ಊರಲ್ಲಿ ಜ್ವರದಿಂದ ಮಲಗಿದವರು ಅರವತ್ತಕ್ಕೂ ಹೆಚ್ಚು, ಈ ವರ್ಷ ಐದು ಜನ. ಆ ಐದರಲ್ಲಿ ಗೌರಕ್ಕ ಇರಲಿಲ್ಲ. ಮಾಘದಲ್ಲಿ ಹೆಣ್ಣು ಕೂಸು ಹುಟ್ಟಿತು. ಹೊರಗೆ ಬಂದ ಕೂಡಲೇ ಊರು ಒಂದಾಗುವಂತೆ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ, ನರ್ಸು ಅಳಬಾರದು ಎಂದು ನಮಗೆ ಕಲಿಸಿದ್ದರೂ.

ಹದಿನೈದು ದಿನದ ಮೇಲೆ ಕಮಲಾಕರರು ಕೊಳವೆ ಹಿಡಿದು ಬಂದರು. ಕೋಣೆ ಕೋಣೆಯಲ್ಲೂ ಟಾರ್ಚು ಬಿಟ್ಟು ನೋಡಿದರು. ತೊಟ್ಟಿಲ ಹಿಂದಿನ ಗೋಡೆಯನ್ನು ಮೂಲೆ ಮೂಲೆಯಾಗಿ ನೋಡಿದರು. ಪುಸ್ತಕದಲ್ಲಿ ಬರೆದುಕೊಂಡು ಹೊರಗೆ ಬಂದರೆ ನೀಲಗಂಗವ್ವ ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸಾಹೇಬರು ಕೈ ಚಾಚಿದರು. ಅವಳು ಕೊಡಲಿಲ್ಲ.

"ಮೊದಲ ಹೇಳು. ಆಮ್ಯಾಲೆ ಕುಡಿ."

"ಒಂದೂ ಸೊಳ್ಳೆ ಇಲ್ಲ ಅವ್ವಾ. ಮೂರೂ ಕೋಣೆ ನೋಡಿದೆ. ಆದರೆ ಔಷಧದ ಬಲ ಕಡಿಮೆ ಆಗ್ತಾ ಬಂದಿದೆ. ಚೈತ್ರದಲ್ಲಿ ಇನ್ನೊಮ್ಮೆ ಹೊಡೀಬೇಕು. ಯುಗಾದಿಗೆ ನೀವು ಬಳಿಯೋದು ಯಾವಾಗ?"

"ಯುಗಾದಿಗೆ ಎಂಟ್ ದಿನ ಇರೂವಾಗ."

"ಹಾಗಾದ್ರೆ ಹಬ್ಬದ ಮರುದಿನ ಬರ್ತೇವೆ."

ನೀಲಗಂಗವ್ವ ತಂಬಿಗೆ ಕೊಟ್ಟಳು. ಅವರು ಕುಡಿಯುವಾಗ ಅವಳು ತೊಟ್ಟಿಲ ಕಡೆ ನೋಡುತ್ತಿದ್ದಳು.

"ಹೋದ ವರ್ಸಾನೂ ಹಿಂಗ ಹೇಳಿದ್ರ," ಎಂದಳು, "ಇಕಿಗೆ ಒಬ್ಬ ಅಣ್ಣ ಇರ್ತಿದ್ದ ತಮ್ಮಾ."

ಸಾಹೇಬರು ಖಾಲಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು.

ಓದಿದ ಅಣ್ಣಂದಿರೇ, ಸಾಹೇಬರೇ, ನಿಮಗೆ ಹೇಳುತ್ತೇನೆ. ನಮ್ಮ ಮಣ್ಣು, ನಮ್ಮ ನೀರು, ನಮ್ಮ ರಕ್ತ, ನಮ್ಮ ಗೋಡೆ ನೋಡಿ ನೀವು ಕಲಿಯುತ್ತೀರಿ. ಕಲಿತದ್ದನ್ನು ದೂರದ ಊರಿನಲ್ಲಿ ಅಚ್ಚು ಹಾಕಿಸಿ, ಬೇಡ ಎನ್ನುವುದಿಲ್ಲ. ಆದರೆ ಯಾರ ಮನೆಯಲ್ಲಿ ಕಲಿತಿರೋ ಆ ಮನೆಯವರಿಗೆ ಮೊದಲು ಹೇಳಿ. ಅವರ ಮಾತಿನಲ್ಲೇ ಹೇಳಿ, ಹೊತ್ತಿಗೆ ಸರಿಯಾಗಿ ಹೇಳಿ. ಅವರಿಗೆ ಅರ್ಥವಾಗುವುದಿಲ್ಲ ಎನ್ನುವ ಮುನ್ನ ಒಂದು ಸಲ ಪಡಸಾಲೆಯಲ್ಲಿ ಕೂತು ಹೇಳಿ ನೋಡಿ. ಹೇಳುವುದು ಬೇರೆಯವರ ಕೆಲಸ ಎಂದು ಖಾಲಿ ಕುರ್ಚಿ ತೋರಿಸಬೇಡಿ.

ಅವ್ವಂದಿರೇ, ಅಕ್ಕಂದಿರೇ, ನಿಮಗೂ ಒಂದು ಮಾತು. ಔಷಧ ಹೊಡೆಯಲು ಬಂದವರನ್ನು ಒಳಗೆ ಕರೆಯಿರಿ. ಮೊದಲೇ ಬಳಿದು ಮುಗಿಸಿ, ಔಷಧ ಹೊಡೆದ ಮೇಲೆ ಗೋಡೆ ಬಳಿಯಬೇಡಿ. ಯಾರಾದರೂ ನಿಮ್ಮ ಮನೆ ನೋಡಿ ಪುಸ್ತಕದಲ್ಲಿ ಬರೆದುಕೊಂಡರೆ ಏನು ಬರೆದಿರಿ, ಅದರಿಂದ ನಮಗೇನು ಎಂದು ಕೇಳಿ. ಮಜ್ಜಿಗೆ ಕೊಡಿ, ಧಾರಾಳವಾಗಿ ಕೊಡಿ. ಉತ್ತರ ಬರುವ ತನಕ ಮಾತ್ರ ತಂಬಿಗೆ ನಿಮ್ಮ ಕೈಯಲ್ಲೇ ಇರಲಿ.